ಖಾಲಾ ಅವರ ಮುಖ ಎಲ್ಲಿ?



ಕಳೆದ ಚಳಿಗಾಲದ ಒಂದು ಭಾನುವಾರ ಕೊಳಾರದ ನಮ್ಮ ಮನೆಯಿಂದ ಹದಿನಾಲ್ಕು ಮಂದಿ ಬುತ್ತಿ ಕಟ್ಟಿಕೊಂಡು ಅಷ್ಟೂರಿಗೆ ಹೋಗಿದ್ದೆವು. ಬೀದರ್ ಕಡೆಯವರಿಗೆ ಅಷ್ಟೂರನ್ನು ಪರಿಚಯಿಸಬೇಕಾಗಿಲ್ಲ. ಬಹಮನಿ ಸುಲ್ತಾನರ ಗುಂಬಜ್‌ಗಳು ಬಯಲಿನಲ್ಲಿ ಸಾಲಾಗಿ ನಿಂತಿರುವ ಊರದು. ಊಟವಾದ ಮೇಲೆ ಮಕ್ಕಳು ಮೊಬೈಲ್ ಹೊರತೆಗೆದರು. ಗುಂಬಜ್ ಪೂರ್ತಿ ಬರಬೇಕೆಂದು ನಮ್ಮನ್ನೆಲ್ಲ ಅದರ ಬುಡದಲ್ಲಿ ಸಾಲಾಗಿ ನಿಲ್ಲಿಸಿ, ತಾವು ಹಿಂದೆ ಹಿಂದೆ ಸರಿಯುತ್ತಾ ಫೋಟೋ ತೆಗೆದರು. ಆಗ ನಡು ಮಧ್ಯಾಹ್ನ.

ವಾರದ ನಂತರ ನನ್ನ ಖಾಲಾ ಅವರ ಮಗ ರಿಯಾದ್‌ನಿಂದ ಫೋನ್ ಮಾಡಿದ. ಅವನು ಊರಿಗೆ ಬಂದು ಮೂರು ವರ್ಷವಾಗಿತ್ತು. "ಅಮ್ಮಿಯ ಒಂದು ಒಳ್ಳೆಯ ಫೋಟೋ ಕಳುಹಿಸಿ" ಎಂದ. ನಾವು ಹುಡುಕಿದೆವು. ಅಂದು ತೆಗೆದ ನೂರಾರು ಫೋಟೋಗಳಲ್ಲಿ ಖಾಲಾ ಇದ್ದರು, ಆದರೆ ಖಾಲಾ ಇರಲಿಲ್ಲ! ಒಂದರಲ್ಲಿ ಗುಂಬಜ್‌ನ ಮುಂದೆ ಇರುವೆಯಷ್ಟು. ಇನ್ನೊಂದರಲ್ಲಿ ಬಿಸಿಲಿಗೆ ಕಣ್ಣು ಮುಚ್ಚಿದ್ದರು. ಮತ್ತೊಂದರಲ್ಲಿ ಅವರ ತಲೆಯಿಂದಲೇ ವಿದ್ಯುತ್ ಕಂಬ ಹುಟ್ಟಿಕೊಂಡಂತಿತ್ತು. ಮುಖ ಪೂರ್ತಿ ಕಾಣುವ ಫೋಟೋ ಒಂದೇ ಒಂದು ಸಿಕ್ಕಿತು, ಅದೂ ಹಜ್ ಅರ್ಜಿಗಾಗಿ ತೆಗೆಸಿದ ಪಾಸ್‌ಪೋರ್ಟ್ ಅಳತೆಯದು. ಎಲ್ಲವನ್ನೂ ನೋಡಿದ ಖಾಲಾ ಮೆಲ್ಲಗೆ ಕೇಳಿದರು: "ನಾನೂ ನಿಮ್ಮ ಜೊತೆ ಬಂದಿದ್ದೆನಲ್ಲಮ್ಮಾ?"

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ತಪ್ಪು ಮೊಬೈಲಿನದ್ದಲ್ಲ. ನಾವು ಗುಂಬಜ್ ನೋಡಿದೆವು, ಮನುಷ್ಯರನ್ನು ನೋಡಲಿಲ್ಲ. ಫೋಟೋ ತೆಗೆಯುವ ಮುನ್ನ ನಮ್ಮನ್ನೇ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ, ಇದು ಯಾರ ಚಿತ್ರ? ಮನುಷ್ಯರದ್ದಾದರೆ ಕಟ್ಟಡ ಹಿಂದೆ ಸರಿಯಲಿ. ಅದರ ಒಂದು ಕಮಾನು, ಒಂದು ಗೋಡೆ ಕಂಡರೆ ಸಾಕು, ಊರು ಯಾವುದೆಂದು ನೋಡಿದವರಿಗೆ ತಿಳಿಯುತ್ತದೆ.

ಎರಡನೆಯದು ಬೆಳಕು. ನಡು ಹಗಲಿನ ಬಿಸಿಲು ತಲೆಯ ಮೇಲಿಂದ ಬಿದ್ದು ಕಣ್ಣಿನ ಗುಳಿಗಳನ್ನು ಕಪ್ಪಾಗಿಸುತ್ತದೆ. ಬೆಳಗಿನ ಮತ್ತು ಸಂಜೆಯ ಓರೆ ಬೆಳಕು ಮೃದುವಾಗಿರುತ್ತದೆ. ಮಧ್ಯಾಹ್ನವೇ ತೆಗೆಯಬೇಕಾದರೆ ನೆರಳು ಹುಡುಕಿರಿ. ಆದರೆ ಎಲೆಗಳ ನಡುವಿನಿಂದ ಬಿಸಿಲಿನ ಚುಕ್ಕೆ ಬೀಳುವ ಮರದ ನೆರಳು ಬೇಡ, ಗೋಡೆಯ ತುಂಬು ನೆರಳು ಇರಲಿ. ಬಾಗಿಲು ಅಥವಾ ಕಮಾನಿನ ಒಳಗೆ ಒಂದು ಹೆಜ್ಜೆ ಇಟ್ಟು, ಮುಖವನ್ನು ಹೊರಗಿನ ಆಕಾಶದ ಕಡೆಗೆ ತಿರುಗಿಸಿ ಕೂರಿಸಿ ನೋಡಿ. ಹಿಂದೆ ಕತ್ತಲೆ, ಮುಂದೆ ಬೆಳಗಿದ ಮುಖ! ನಮ್ಮ ಬೀದರಿನಲ್ಲಿ ಕಮಾನುಗಳಿಗೇನು ಬರವೇ?

ಕಪ್ಪು ಬುರ್ಖಾ ಧರಿಸಿದವರ ಮುಖ ಫೋಟೋದಲ್ಲಿ ಸುಣ್ಣ ಬಳಿದಂತೆ ಬಿಳಿಚಿಕೊಳ್ಳುವುದನ್ನು ನೀವೂ ನೋಡಿರಬಹುದು. ಇದಕ್ಕೆ ಕಾರಣವಿದೆ. ಚೌಕಟ್ಟಿನ ತುಂಬ ಕಪ್ಪೇ ಕಂಡಾಗ ಕ್ಯಾಮೆರಾ ಬೆಳಕು ಸಾಲದೆಂದು ಭಾವಿಸಿ ಎಲ್ಲವನ್ನೂ ಬೆಳಗಿಸಿಬಿಡುತ್ತದೆ. ಆಗ ಪರದೆಯ ಮೇಲೆ ಮುಖವಿರುವ ಜಾಗವನ್ನು ಬೆರಳಿನಿಂದ ಮುಟ್ಟಿ, ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಸ್ವಲ್ಪ ಕೆಳಗೆ ಎಳೆಯಿರಿ. ಮುಖದ ನಿಜವಾದ ಬಣ್ಣ ಮರಳಿ ಬರುತ್ತದೆ.

ಮೂರನೆಯದು ದೂರ. ಮೊಬೈಲನ್ನು ಮುಖದ ಹತ್ತಿರ ಹಿಡಿದರೆ ಮೂಗು ದಪ್ಪವಾಗಿ, ಕಿವಿ ಸಣ್ಣದಾಗಿ ಕಾಣುತ್ತದೆ. ಐದಾರು ಅಡಿ ಹಿಂದೆ ಸರಿದು, ಎರಡು ಪಟ್ಟು ಹಿಗ್ಗಿಸಿ ತೆಗೆಯಿರಿ. ಕ್ಯಾಮೆರಾ ಕಣ್ಣಿನ ಎತ್ತರದಲ್ಲಿರಲಿ. ಮಗುವಿನ ಚಿತ್ರವಾದರೆ ನೀವು ನೆಲದ ಮೇಲೆ ಕೂರಿರಿ. ಚಿತ್ರವನ್ನು ಮಣಿಕಟ್ಟು, ಮೊಣಕಾಲಿನಂತಹ ಕೀಲುಗಳ ಬಳಿ ಕತ್ತರಿಸಬೇಡಿ, ಸೊಂಟದ ಬಳಿ ಅಥವಾ ತೊಡೆಯ ನಡುವೆ ನಿಲ್ಲಿಸಿ. ಒಬ್ಬರು ಎಡಕ್ಕೆ ನೋಡುತ್ತಿದ್ದರೆ ಎಡಗಡೆ ಹೆಚ್ಚು ಜಾಗ ಬಿಡಿ. ಗುಂಡಿ ಒತ್ತುವ ಮುನ್ನ ಒಮ್ಮೆ ತಲೆಯ ಹಿಂದೆ ಕಂಬವಿದೆಯೇ, ಕೋಟೆ ಗೋಡೆಯ ಗೆರೆ ಕುತ್ತಿಗೆಯನ್ನು ಸೀಳುತ್ತಿದೆಯೇ ಎಂದು ನೋಡಿ. ಇದ್ದರೆ ನೀವೇ ಒಂದು ಹೆಜ್ಜೆ ಪಕ್ಕಕ್ಕೆ ಸರಿದರಾಯಿತು.

ಇನ್ನು ಭಂಗಿ. ನಮ್ಮ ಹಿರಿಯರು ಕ್ಯಾಮೆರಾ ಕಂಡೊಡನೆ ಸಿಪಾಯಿಗಳಂತೆ ಸೆಟೆದು ನಿಲ್ಲುತ್ತಾರೆ. ಫೋಟೋಗ್ರಫಿಯ ಆರಂಭದ ದಿನಗಳಲ್ಲಿ ಒಂದು ಚಿತ್ರ ಮೂಡಲು ಎಷ್ಟೋ ಹೊತ್ತು ಅಲುಗಾಡದೆ ಇರಬೇಕಿತ್ತು. ಆ ಕಾಲ ಹೋದರೂ ಸೆಟೆದು ನಿಲ್ಲುವ ರೂಢಿ ಉಳಿಯಿತು. "ನಗಿ, ನಗಿ" ಎಂದು ಪೀಡಿಸಿದರೆ ನಗು ಬರುವುದಿಲ್ಲ. ದೇಹ ಸ್ವಲ್ಪ ಓರೆಯಾಗಿರಲಿ, ಭಾರ ಒಂದು ಕಾಲಿನ ಮೇಲಿರಲಿ, ಕೈಗೆ ಒಂದು ಕೆಲಸ ಕೊಡಿ. ಹೂ ಕಟ್ಟಲಿ, ಮೊಮ್ಮಗಳ ಜಡೆ ಹೆಣೆಯಲಿ. ಜೊತೆಗೆ ಮಾತನಾಡಿ. ಗುಂಪಿನ ಚಿತ್ರದಲ್ಲಿ ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸದೆ ಕೆಲವರನ್ನು ಕೂರಿಸಿ, ಕೆಲವರನ್ನು ನಿಲ್ಲಿಸಿ. ಹಿರಿಯರು ನಡುವೆ ಇರಲಿ. ಆದರೆ ಚಂದ ಕಾಣಲೆಂದು ಗೋರಿಗಳ ಮೇಲೆ ಒರಗುವುದು, ಏರುವುದು ಬೇಡ.

ಹೆಣ್ಣುಮಕ್ಕಳೇ ಕ್ಯಾಮೆರಾ ಹಿಡಿಯುವುದು ಹೊಸದೇ ಎಂದು ಕೇಳಬೇಡಿ. ನಮ್ಮ ಬೀದರ್ ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಾಲದಲ್ಲಿ, 1892ರಲ್ಲಿ, ನಿಜಾಮರ ಛಾಯಾಗ್ರಾಹಕ ಲಾಲಾ ದೀನ್ ದಯಾಳ್ ಅವರು ಹೈದರಾಬಾದಿನಲ್ಲಿ ಪರ್ದಾ ಪಾಲಿಸುವ ಮಹಿಳೆಯರಿಗಾಗಿಯೇ ಒಂದು ಜನಾನಾ ಸ್ಟುಡಿಯೋ ತೆರೆದಿದ್ದರು. ಅಲ್ಲಿ ಚಿತ್ರ ತೆಗೆಯುವ ಹೊಣೆ ಕೆನ್ನಿ ಲೆವಿಕ್ ಎಂಬ ಆಂಗ್ಲ ಮಹಿಳೆಯದಾಗಿತ್ತು. ತಮ್ಮವರ ಮುಂದೆ, ತಮ್ಮ ಇಚ್ಛೆಯಂತೆ ಕೂತಾಗ ಮಾತ್ರ ಮುಖ ಅರಳುತ್ತದೆ ಎಂಬುದು ಅಂದಿನವರಿಗೂ ತಿಳಿದಿತ್ತು. ಆದ್ದರಿಂದ ಮೊದಲು ಕೇಳಿ. ಬೇಡವೆಂದವರನ್ನು ಬಲವಂತ ಮಾಡಬೇಡಿ. ತೆಗೆದ ಚಿತ್ರವನ್ನು ಅವರಿಗೆ ತೋರಿಸಿ. ಅವರ ಒಪ್ಪಿಗೆಯಿಲ್ಲದೆ ಸ್ಟೇಟಸ್‌ಗೆ ಹಾಕಬೇಡಿ. ಮನೆಯ ಚಿತ್ರ ಮನೆಯವರ ಅಮಾನತ್ತು.

ಮುಂದಿನ ಭಾನುವಾರ ಸಂಜೆ ಖಾಲಾ ಅವರನ್ನು ಮತ್ತೆ ಅಷ್ಟೂರಿಗೆ ಕರೆದೊಯ್ದೆವು. ಈ ಸಲ ನಾಲ್ಕೇ ಮಂದಿ. ಒಂದು ಕಮಾನಿನ ನೆರಳಿನಲ್ಲಿ ಮೆಟ್ಟಿಲ ಮೇಲೆ ಕೂರಿಸಿ, ಮಡಿಲಿಗೆ ಮಲ್ಲಿಗೆ ಮೊಗ್ಗು ಸುರಿದೆ. ಮಗ ಚಿಕ್ಕವನಿದ್ದಾಗ ಇಲ್ಲಿನ ಜಾತ್ರೆಯಲ್ಲಿ ಕಳೆದುಹೋದ ಕತೆ ಹೇಳಿ ಎಂದೆ. ಅವರು ಹೂ ಕಟ್ಟುತ್ತಾ ಹೇಳತೊಡಗಿದರು. ನನ್ನ ಮಗಳು ಆರು ಹೆಜ್ಜೆ ದೂರದಲ್ಲಿ ಕುಕ್ಕರುಗಾಲಲ್ಲಿ ಕೂತು ತೆಗೆದಳು. ಮಗ ಸಿಕ್ಕಿದ ಕ್ಷಣಕ್ಕೆ ಕತೆ ಬಂದಾಗ ಖಾಲಾ ತಲೆ ಎತ್ತಿದರು. ಆ ಒಂದು ಚಿತ್ರ ರಿಯಾದ್‌ಗೆ ಹೋಯಿತು.

ಅವನು ರಾತ್ರಿ ಫೋನ್ ಮಾಡಿದ. ಚಿತ್ರ ಚೆನ್ನಾಗಿದೆ ಎನ್ನಲಿಲ್ಲ. "ಅಮ್ಮಿ ಇಷ್ಟು ಸೊರಗಿದ್ದಾರೆಂದು ನೀವ್ಯಾರೂ ಹೇಳಲೇ ಇಲ್ಲವಲ್ಲ" ಎಂದ. ಮರುವಾರವೇ ರಜೆಗೆ ಅರ್ಜಿ ಹಾಕಿದ.

ದಿನವೂ ಖಾಲಾ ಅವರ ಜೊತೆ ಊಟ ಮಾಡುತ್ತಿದ್ದ ನಮಗೂ ಅದು ಕಂಡಿರಲಿಲ್ಲ, ಸಹೋದರಿಯರೇ. ನಿಮ್ಮ ಮನೆಯಲ್ಲೂ ಎಲ್ಲ ಫೋಟೋಗಳ ಅಂಚಿನಲ್ಲಿ ನಿಲ್ಲುವ ಒಬ್ಬ ಹಿರಿಯರು ಇದ್ದೇ ಇರುತ್ತಾರೆ. ಈ ವಾರ ಒಂದು ಸಂಜೆ ಅವರನ್ನು ಬಾಗಿಲ ನೆರಳಿನಲ್ಲಿ ಕೂರಿಸಿ, ಎದುರು ನೀವೂ ಕೂರಿರಿ. ಮೊಬೈಲ್ ಎತ್ತುವ ಮೊದಲು ಒಂದು ನಿಮಿಷ ಅವರ ಮುಖವನ್ನು ನೋಡಿರಿ.