ಆಟದ ನಡುವೆ ನಿಯಮ

ಹಬ್ಬದೂಟ ಮುಗಿದ ಮಧ್ಯಾಹ್ನ ಮಕ್ಕಳು ಚೌಕಾಬಾರದ ಮನೆ ಬರೆದು ಕುಳಿತರೆಂದರೆ, ಜಗಳ ಹುಟ್ಟುವ ಗಳಿಗೆ ಸಾಮಾನ್ಯವಾಗಿ ಒಂದೇ. ಕಾಯಿ ಕಡಿಸಿಕೊಂಡ ಹುಡುಗ, "ಇನ್ನು ಮೇಲೆ ಈ ಮನೆಯಲ್ಲಿ ಕಡಿಯಬಾರದೆಂದು ಮಾಡೋಣ" ಎನ್ನುತ್ತಾನೆ. ಒಳಮನೆಯಿಂದ ಅಜ್ಜಿಯ ತೀರ್ಪು ಕೇಳಿಬರುತ್ತದೆ: "ಮಾಡಿಕೊಳ್ಳಿ, ಮುಂದಿನ ಆಟಕ್ಕೆ." ಇಷ್ಟು ಚಿಕ್ಕ ವಿವೇಕವನ್ನು ಲಂಡನ್ನಿನ ಕಾಮನ್ಸ್ ಸಭೆ 2021ರಲ್ಲಿ ಒಂದು ದಿನದ ಮಟ್ಟಿಗೆ ಮರೆಯಿತು.

ಹಣ ಪಡೆದು ಪರರ ಕಾರ್ಯಸಾಧನೆಗೆ ನಿಲ್ಲಬಾರದೆಂಬುದು ಆ ಸಭೆಯ ಹಳೆಯ ಕಟ್ಟಳೆ. ಲಂಡನ್ ನಗರಾಡಳಿತದಿಂದ ಸಾವಿರ ಗಿನಿ ಸ್ವೀಕರಿಸಿದ್ದ ತನ್ನ ಸ್ಪೀಕರ್ ಸರ್ ಜಾನ್ ಟ್ರೆವರನನ್ನೇ ಅದು 1695ರಲ್ಲಿ ಹೊರಹಾಕಿತು. ಮೂರು ಶತಮಾನಗಳ ತರುವಾಯ, 1994ರಲ್ಲಿ, ಸದಸ್ಯರು ಹಣ ಪಡೆದು ಪ್ರಶ್ನೆ ಕೇಳುತ್ತಾರೆಂಬ ಗುಲ್ಲೆದ್ದಾಗ, ನ್ಯಾಯಾಧೀಶರಾದ ಲಾರ್ಡ್ ನೋಲನ್ನರ ಅಧ್ಯಕ್ಷತೆಯಲ್ಲಿ ಸಮಿತಿ ಕುಳಿತಿತು. ಅದರ ಸಲಹೆಯಂತೆ 1996ರಲ್ಲಿ ಲಿಖಿತ ನಡತೆಯ ಸಂಹಿತೆ ಜಾರಿಗೆ ಬಂದಿತು. ದೂರುಗಳ ವಿಚಾರಣೆಗೆ ಸದಸ್ಯರಲ್ಲದ ಕಮಿಷನರೊಬ್ಬರು ನಿಯುಕ್ತರಾದರು.

2021ರಲ್ಲಿ ಆ ಕಮಿಷನರರ ಮುಂದಿದ್ದುದು ಮಾಜಿ ಮಂತ್ರಿ ಓವನ್ ಪ್ಯಾಟರ್ಸನ್ನರ ಪ್ರಕರಣ. ಎರಡು ಕಂಪನಿಗಳಿಗೆ ಸಲಹೆಗಾರರಾಗಿ ಅವರು ವರ್ಷಕ್ಕೆ ಲಕ್ಷ ಪೌಂಡಿಗೂ ಮೀರಿ ಪಡೆಯುತ್ತಿದ್ದರು. ಅವುಗಳ ಪರವಾಗಿ ಸರಕಾರಿ ಕಚೇರಿಗಳನ್ನು ಮತ್ತೆ ಮತ್ತೆ ಸಂಪರ್ಕಿಸಿದ್ದರೆಂದು ವಿಚಾರಣೆಯಲ್ಲಿ ಕಂಡುಬಂದಿತು. ಮೂವತ್ತು ದಿನಗಳ ಅಮಾನತಿಗೆ ಸಮಿತಿ ಶಿಫಾರಸು ಮಾಡಿತು. ಅವರು ತಪ್ಪನ್ನು ಒಪ್ಪಲಿಲ್ಲ. ಸಾರ್ವಜನಿಕರ ಆರೋಗ್ಯಕ್ಕಾಗಿ ಎಚ್ಚರಿಸಿದೆನೆಂದೂ, ತಮ್ಮ ಸಾಕ್ಷಿಗಳನ್ನು ಕರೆದು ಕೇಳಲಿಲ್ಲವೆಂದೂ, ಮೇಲ್ಮನವಿಗೆ ಅವಕಾಶವಿಲ್ಲವೆಂದೂ ವಾದಿಸಿದರು.

ಮೇಲ್ಮನವಿಯ ಮಾತು ಹುರುಳಿಲ್ಲದ್ದಲ್ಲ. ತಪ್ಪಿದ್ದುದು ಅದನ್ನೆತ್ತಿದ ಸಮಯದಲ್ಲಿ. ನವೆಂಬರ್ 3ರಂದು, ಶಿಕ್ಷೆಯ ನಿರ್ಣಯವಾಗಬೇಕಿದ್ದ ದಿನವೇ, ಅದನ್ನು ತಡೆಹಿಡಿದು ವಿಚಾರಣೆಯ ಪದ್ಧತಿಯನ್ನೇ ಪರಿಶೀಲಿಸಲು ಹೊಸ ಸಮಿತಿಯನ್ನು ರಚಿಸುವ ತಿದ್ದುಪಡಿ ಬಂದಿತು. ಆಳುವ ಪಕ್ಷದ ಬೆಂಬಲದಿಂದ 250ಕ್ಕೆ 232 ಮತಗಳಿಂದ ಅದು ಗೆದ್ದಿತು. ತಮ್ಮವನೊಬ್ಬ ಸಿಕ್ಕಿಬಿದ್ದಾಗಲೇ ಇವರಿಗೆ ನಿಯಮದ ಕೊರತೆ ಕಾಣಿಸಿತೇ ಎಂದು ದೇಶ ಕೇಳಿತು. ಆ ಪ್ರಶ್ನೆಗೆ ಉತ್ತರವಿರಲಿಲ್ಲ. ಮರುದಿನವೇ ಸರಕಾರ ಹಿಂಜರಿಯಿತು. ಪ್ಯಾಟರ್ಸನ್ ರಾಜೀನಾಮೆಯನ್ನು ಸಾರಿದರು. ಹಿಂದಿನ ಚುನಾವಣೆಯಲ್ಲಿ ಸುಮಾರು 23,000 ಮತಗಳ ಅಂತರದಿಂದ ಗೆದ್ದಿದ್ದ ಅವರ ಕ್ಷೇತ್ರವನ್ನು ಡಿಸೆಂಬರಿನ ಉಪಚುನಾವಣೆಯಲ್ಲಿ ಪಕ್ಷ ಕಳೆದುಕೊಂಡಿತು.

ಕಥೆಯ ಉತ್ತರಾರ್ಧವೇ ಹೆಚ್ಚು ಬೋಧಪ್ರದ. ಅದೇ ಸಭೆ 2022ರಲ್ಲಿ, ಆ ಪ್ರಕರಣ ಮುಗಿದ ಮೇಲೆ, ಸಂಹಿತೆಯನ್ನು ಸಾವಧಾನವಾಗಿ ಪರಿಷ್ಕರಿಸಿತು. ಸದಸ್ಯರಲ್ಲದ ತಜ್ಞರ ಮಂಡಲಿಗೆ ಮೇಲ್ಮನವಿ ಸಲ್ಲಿಸುವ ಹಕ್ಕು ದೊರೆಯಿತು. ಹಣ ಪಡೆದು ಸಂಸದೀಯ ವ್ಯವಹಾರಗಳಲ್ಲಿ ಸಲಹೆ ನೀಡುವುದು ನಿಷಿದ್ಧವಾಯಿತು. 2023ರ ಮಾರ್ಚ್ 1ರಿಂದ ಹೊಸ ಸಂಹಿತೆ ಜಾರಿಗೆ ಬಂದಿತು.

ಒಂದು ವರ್ಷದ ಹಿಂದೆ ಕೇಳಿದಾಗ ಪಕ್ಷಪಾತವೆನಿಸಿದ ಮೇಲ್ಮನವಿ ಈಗ ನ್ಯಾಯವೆನಿಸಿತು. ಬದಲಾದುದು ಬೇಡಿಕೆಯಲ್ಲ, ಬೇಡುವ ಸಂದರ್ಭ. ತಮ್ಮ ನಡತೆಗೆ ತಾವೇ ಕಟ್ಟಳೆ ವಿಧಿಸಿಕೊಳ್ಳುವ ಅಧಿಕಾರವನ್ನು ಪ್ರಜೆಗಳು ಶಾಸಕರ ಕೈಯಲ್ಲಿಟ್ಟಿರುವುದು ನಂಬುಗೆಯಿಂದ. ಹಳೆಯ ನಿಯಮಕ್ಕೆ ತಲೆಬಾಗಿ ಆಟ ಮುಗಿಸಿದವರಿಗೇ ಹೊಸ ನಿಯಮ ಬರೆಯುವ ಅರ್ಹತೆ. ಒಳಮನೆಯ ಅಜ್ಜಿಗೆ ಇದು ಮೊದಲೇ ತಿಳಿದಿತ್ತು.