ಕಿಂಡಿಯ ಆಚೆ ಒನಕೆ ಇದೆ ಸ್ವಾಮೀ!

"ಗುರೂ, ಈ ಆರ್ಮರ್ ಹಾಕ್ಕೊಂಡ್ರೆ ನಿನ್ನನ್ನ ಯಾವನೂ ಅಲ್ಲಾಡ್ಸಕ್ಕಾಗಲ್ಲ!" ಎಕ್ಸ್‌ಟ್ರಾಕ್ಷನ್ ಶೂಟರ್ ಆಟಗಳ ಬಗ್ಗೆ ಯೂಟ್ಯೂಬಿನಲ್ಲಿ ಟಿಪ್ಸ್ ಹುಡುಕಿದರೆ ಸಿಗೋದು ಇಂಥ ಮಾತುಗಳೇ. ಹಿಂದಿಯಲ್ಲೂ ಅದೇ, ಇಂಗ್ಲಿಷಿನಲ್ಲೂ ಅದೇ, ಕನ್ನಡದಲ್ಲಿ ಅಲ್ಲೊಂದು ಇಲ್ಲೊಂದು ಸಿಕ್ಕರೆ ಅದೂ ಅವುಗಳದೇ ನಕಲು. ಹತ್ತು ಬೆಸ್ಟ್ ಗನ್ನು, ಐದು ಬೆಸ್ಟ್ ಹೆಲ್ಮೆಟ್ಟು. ಬದುಕಿ ಹೊರಗೆ ಬರೋದು ಹೇಗೆ ಅಂತ ಕೇಳಿದವನ ಕೈಗೆ ಸಾಮಾನಿನ ಪಟ್ಟಿ ಕೊಟ್ಟು ಕಳಿಸುವ ಈ ಟಿಪ್ಸ್ ಪಂಡಿತರ ಮೇಲೆ ನನಗೆ ಬಹಳ ದಿನದಿಂದ ಸಿಟ್ಟಿದೆ. ಇವತ್ತು ಇಲ್ಲಿ ಕಾರಿಕೊಂಡುಬಿಡ್ತೀನಿ, ಸಹಿಸಿಕೊಳ್ಳಿ :)

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಪಬ್‌ಜಿ ಎಲ್ಲರಿಗೂ ಗೊತ್ತು, ಕೊನೆಗೆ ಉಳಿದವನು ಗೆದ್ದ. ಎಕ್ಸ್‌ಟ್ರಾಕ್ಷನ್ ಶೂಟರಿನಲ್ಲಿ ಹಾಗಲ್ಲ. ನಿಮ್ಮದೇ ಬಂದೂಕು, ನಿಮ್ಮದೇ ಚೀಲ ತಗೊಂಡು ಒಳಗೆ ಹೋಗಬೇಕು, ಸಿಕ್ಕಿದ್ದನ್ನ ತುಂಬಿಕೊಂಡು ಟೈಮ್ ಮುಗಿಯೋದರೊಳಗೆ ಗೊತ್ತಾದ ದಾರಿಯಲ್ಲಿ ಹೊರಗೆ ಬರಬೇಕು. ಸತ್ತರೆ ಸಣ್ಣದೊಂದು ಭದ್ರ ಪೆಟ್ಟಿಗೆಯಲ್ಲಿ ಇಟ್ಟದ್ದು ಬಿಟ್ಟು ಉಳಿದದ್ದೆಲ್ಲ ಗೋವಿಂದ! 2017ರಲ್ಲಿ ಬೀಟಾಗೆ ಬಂದು 2025ರ ನವೆಂಬರ್‌ನಲ್ಲಿ 1.0 ಆದ ರಷ್ಯಾದವರ 'ಎಸ್ಕೇಪ್ ಫ್ರಮ್ ಟಾರ್ಕೋವ್' ಈ ಜಾತಿಯ ಹಿರಿಯಣ್ಣ. 2025ರ ಅಕ್ಟೋಬರ್‌ನಲ್ಲಿ ಸ್ವೀಡನ್ನಿನವರು ತಂದ 'ಆರ್ಕ್ ರೇಡರ್ಸ್' ಹೊಸ ಹುಡುಗ.

ಈಗ ಸಿಟ್ಟಿನ ಕಾರಣಕ್ಕೆ ಬರ್ತೀನಿ. ನನ್ನ ಚಿಕ್ಕಪ್ಪನ ಮಗ ಹಿರಿಯೂರಿನಲ್ಲಿ ಡಿಪ್ಲೊಮಾ ಓದ್ತಾನೆ. "ಅಣ್ಣಾ, ಒಳ್ಳೇ ಗೇರ್ ಇಲ್ದೆ ಒಳಗೆ ಹೋದ್ರೆ ಸಾಯೋದೇ ಕಣಣ್ಣಾ" ಅಂತ ಅವನ ವೇದಾಂತ. ಪುಸ್ತಕಕ್ಕೆ ಅಂತ ಚಿಕ್ಕಪ್ಪ ಕೊಟ್ಟ ಎರಡು ಸಾವಿರ ರೂಪಾಯಿ ಯಾವನೋ ಮುಖ ನೋಡದ ಮನುಷ್ಯನಿಗೆ ಹೋಯಿತು, ಬದಲಿಗೆ ಆಟದೊಳಗಿನ ದುಡ್ಡು ಬಂತು. ಒಂದು ವಾರ ರಾಜನ ಹಾಗೆ ಮೆರೆದ. ಆಮೇಲೆ ಖಾತೆಯೇ ಬ್ಯಾನ್. ಆಟದ ದುಡ್ಡನ್ನ ಹೊರಗೆ ಕೊಳ್ಳೋದು ನಿಯಮಕ್ಕೆ ವಿರುದ್ಧ ಅನ್ನೋದನ್ನ ಆ ಬೆಸ್ಟ್ ಗನ್ ವೀಡಿಯೋಗಳು ಯಾವುವೂ ಅವನಿಗೆ ಹೇಳಿರಲಿಲ್ಲ. ಶೇಂಗಾ ಮಾರಿ ಬಂದ ದುಡ್ಡು ಸ್ವಾಮಿ ಅದು!

"ಗೇರ್ ಇದ್ದರೆ ಬದುಕು" ಅನ್ನೋ ಮಂತ್ರ ಯಾರಿಗೆ ಲಾಭ ಅಂತ ಸ್ವಲ್ಪ ಯೋಚಿಸಿ. ಟಾರ್ಕೋವ್‌ನ ಸಾದಾ ಆವೃತ್ತಿಯಲ್ಲಿ ಭದ್ರ ಪೆಟ್ಟಿಗೆಗೆ ನಾಲ್ಕು ಖಾನೆ. 150 ಡಾಲರ್ ಆಸುಪಾಸಿನ ಆವೃತ್ತಿ ಕೊಂಡವರಿಗೆ ಒಂಬತ್ತು. 2024ರ ಏಪ್ರಿಲ್‌ನಲ್ಲಿ ಕಂಪನಿ ಇನ್ನೂ ಮೇಲೆ ಹೋಗಿ 250 ಡಾಲರಿಗೆ ಹೊಸ ಆವೃತ್ತಿ ತಂತು, ಅದರಲ್ಲಿ ಜೇಬೂ ದೊಡ್ಡದು! ಮುಂದೆ ಬರೋದೆಲ್ಲ ನಿಮಗೆ ಪುಕ್ಕಟೆ ಅಂತ ನಂಬಿ ಮೊದಲೇ 150 ಕೊಟ್ಟಿದ್ದವರು ರೊಚ್ಚಿಗೆದ್ದರು. ಹೊಸ ಆವೃತ್ತಿಯಲ್ಲಿದ್ದ, ಬೇರೆ ಆಟಗಾರರ ಕಾಟವಿಲ್ಲದೆ ಆಡುವ ವಿಧಾನವನ್ನ ಕೊನೆಗೆ ಅವರಿಗೂ ಕೊಡಬೇಕಾಯಿತು. ಕಳೆದುಕೊಳ್ಳುವ ಭಯವನ್ನ ಮಾರಾಟಕ್ಕಿಟ್ಟರೆ ಎಷ್ಟು ದುಡ್ಡು ಹುಟ್ಟುತ್ತೆ ನೋಡಿ. ನಮ್ಮ ಟಿಪ್ಸ್ ಪಂಡಿತರು ಆ ಭಯಕ್ಕೆ ಪುಕ್ಕಟೆ ತುತ್ತೂರಿ.

ನಾನು ದುರ್ಗದವನು. ನಮ್ಮೂರಲ್ಲಿ ಈ ಪಾಠಕ್ಕೆ ದುಡ್ಡು ಕೊಡಬೇಕಿಲ್ಲ, ಕೋಟೆ ಹತ್ತಿದರೆ ಸಾಕು. ಓಬವ್ವನ ಕಥೆ ಯಾರಿಗೆ ಗೊತ್ತಿಲ್ಲ? ಆದರೆ ಅದನ್ನ ಈ ಆಟ ಆಡುವವನ ಕಣ್ಣಿಂದ ಒಮ್ಮೆ ನೋಡಿ. ನಾವೆಲ್ಲ ನಮ್ಮನ್ನ ಓಬವ್ವ ಅಂದ್ಕೋತೀವಿ. ತಪ್ಪು! ಬೇರೆಯವರ ಕೋಟೆಗೆ ನುಗ್ಗೋರು ನಾವು, ಅಂದರೆ ಹೈದರನ ಸಿಪಾಯಿಗಳು. ಅವರ ಹತ್ತಿರ ಕತ್ತಿ ಇತ್ತು, ಜನ ಇದ್ದರು. ಆಕೆ ಕೈಯಲ್ಲಿ ಇದ್ದದ್ದು ಭತ್ತ ಕುಟ್ಟುವ ಒನಕೆ. ಆದರೆ ಕಿಂಡಿಯಲ್ಲಿ ಒಬ್ಬೊಬ್ಬರೇ ತೂರಬೇಕು, ಆಕೆಗೆ ಆ ಜಾಗ ಗೊತ್ತು, ಆಕೆ ಸದ್ದು ಮಾಡಲಿಲ್ಲ. ಮುಂದೆ ಹೋದವನ ಉಸಿರು ಕೇಳಿಸ್ತಿಲ್ಲ ಯಾಕೆ ಅಂತ ಹಿಂದಿನವನು ಒಂದು ಕ್ಷಣ ನಿಂತು ಯೋಚಿಸಲಿಲ್ಲ, ತಲೆ ತೂರಿಸಿದ. ಅಷ್ಟೇ ಕಥೆ.

ಆಟದಲ್ಲೂ ಹೊರಗೆ ಹೋಗುವ ಬಾಗಿಲ ಹತ್ತಿರ ಹೀಗೇ ಒನಕೆ ಹಿಡಿದವರು ಕಾದಿರ್ತಾರೆ. ಆರ್ಕ್ ರೇಡರ್ಸ್‌ನಲ್ಲಿ ಲಿಫ್ಟ್ ಕರೆದರೆ ಸುತ್ತಮುತ್ತ ಎಲ್ಲರಿಗೂ ಕೇಳುವ ಹಾಗೆ ಸದ್ದಾಗುತ್ತೆ, ಹೊತ್ತು ಕಳೆದ ಹಾಗೆ ಒಂದೊಂದೇ ದಾರಿ ಮುಚ್ಚುತ್ತಾ ಬರುತ್ತೆ. ಟಾರ್ಕೋವ್‌ನ ಕಸ್ಟಮ್ಸ್ ನಕ್ಷೆಯಲ್ಲಿ ನೀವು ಒಂದು ಅಂಚಿನಲ್ಲಿ ಇಳಿದರೆ ಬಾಗಿಲು ಸಾಮಾನ್ಯವಾಗಿ ಇನ್ನೊಂದು ಅಂಚಿನಲ್ಲಿ. ಕೆಲವು ದಾರಿಗೆ ದುಡ್ಡು ತೆರಬೇಕು, ಕೆಲವು ಒಂದು ಸಲ ತೆರೆದಿದ್ದರೆ ಇನ್ನೊಂದು ಸಲ ಇಲ್ಲ. ಇದು ಗೊತ್ತಿಲ್ಲದವನಿಗೆ ಯಾವ ಆರ್ಮರ್ ಹಾಕಿದರೇನು?

ಆದ್ದರಿಂದ ನನ್ನ ತಯಾರಿಯ ಪಟ್ಟಿಯಲ್ಲಿ ಬಂದೂಕಿನ ಹೆಸರೇ ಇಲ್ಲ. ಮೊದಲು ಬಾಗಿಲು. ಇಳಿದ ಕೂಡಲೇ ನಿಮ್ಮ ಪಾಲಿನ ದಾರಿ ಯಾವುವು ಅಂತ ನೋಡಿ, ಒಂದು ಕೈಕೊಟ್ಟರೆ ಇನ್ನೊಂದು ಯಾವುದು ಅಂತ ಆಗಲೇ ತೀರ್ಮಾನಿಸಿ. ಬಾಗಿಲ ಹತ್ತಿರ ಬಂದಾಗ ಓಡಬೇಡಿ, ಒಂದು ನಿಮಿಷ ಕಿವಿಗೊಟ್ಟು ನಿಲ್ಲಿ.

ಎರಡನೆಯದು ಬೀಜದ ಲೆಕ್ಕ. ಚಳ್ಳಕೆರೆ, ಹಿರಿಯೂರಿನ ಕಡೆ ಮಳೆ ನಂಬಿದ ರೈತ ಮೊದಲ ಹದಕ್ಕೇ ಮನೆಯ ಬೀಜವನ್ನೆಲ್ಲ ನೆಲಕ್ಕೆ ಸುರಿಯಲ್ಲ. ಮಳೆ ಕೈಕೊಟ್ಟರೆ ಮತ್ತೆ ಬಿತ್ತೋದಕ್ಕೆ ಇರಲಿ ಅಂತ ಇಷ್ಟು ತೆಗೆದಿಡ್ತಾನೆ. ಅದೇ ಗೇರಿನ ಲೆಕ್ಕ. ಈಗ ಹಾಕಿಕೊಂಡದ್ದನ್ನೇ ಇನ್ನೂ ನಾಲ್ಕು ಸಲ ಕಳೆದುಕೊಳ್ಳುವ ತಾಕತ್ತಿದ್ದರೆ ಹಾಕಿಕೊಳ್ಳಿ, ಇಲ್ಲದಿದ್ದರೆ ಅದಕ್ಕಿಂತ ಅಗ್ಗದ್ದು. ಹೊಸಬರಿಗಂತೂ ಟಾರ್ಕೋವ್‌ನ 'ಸ್ಕ್ಯಾವ್' ಇದೆ, ಆರ್ಕ್ ರೇಡರ್ಸ್‌ನಲ್ಲಿ ಪುಕ್ಕಟೆ ಸಾಮಾನು ಕೊಡ್ತಾರೆ. ಹತ್ತು ಸಲ ಅದರಲ್ಲೇ ಹೋಗಿ ದಾರಿ ಕಲೀರಿ, ಸತ್ತರೆ ನಿಮ್ಮದೇನೂ ಹೋಗಲ್ಲ.

ಮೂರನೆಯದು, ಹೊರಡುವ ಗಳಿಗೆಯನ್ನ ಒಳಗೆ ಹೋಗೋ ಮುಂಚೆಯೇ ಗೊತ್ತುಮಾಡಿ. ಚೀಲದಲ್ಲಿ ಒಂದು ಒಳ್ಳೇ ವಸ್ತು ಬಿದ್ದರೆ ಸಾಕು, ನಡೀರಿ. "ಆ ಮನೆ ಒಂದು ನೋಡಿಬಿಡೋಣ" ಅಂದ ಎಷ್ಟೋ ಚೀಲಗಳು ಆ ಮನೆಯ ಬಾಗಿಲಲ್ಲೇ ಬಿದ್ದಿವೆ.

ನಾಲ್ಕನೆಯದು ನಮ್ಮ ಊರುಗಳಿಗೇ ಮೀಸಲು. ಹೊಳಲ್ಕೆರೆ, ಹೊಸದುರ್ಗದ ಹಳ್ಳಿಯಲ್ಲಿ ಕೂತು ಆಡುವವರೇ, ಕರೆಂಟ್ ಹೋದರೆ ಈ ಆಟ ನಿಮಗೋಸ್ಕರ ನಿಲ್ಲಲ್ಲ. ನಿಮ್ಮ ಬೊಂಬೆ ಅಲ್ಲೇ ನಿಂತಿರುತ್ತೆ, ದಾರಿಹೋಕ ಹೊಡೆದು ಹೋಗ್ತಾನೆ. ಲ್ಯಾಪ್‌ಟಾಪ್ ಚಾರ್ಜು, ಮೋಡೆಮ್ಮಿಗೊಂದು ಸಣ್ಣ ಬ್ಯಾಕಪ್, ಇವು ಹೆಲ್ಮೆಟ್ಟಿಗಿಂತ ದೊಡ್ಡ ರಕ್ಷಣೆ. ವಿದೇಶಿ ಟಿಪ್ಸ್ ಪಂಡಿತನಿಗೆ ಇದು ಹೊಳೆಯೋದೇ ಇಲ್ಲ, ಅವನ ಊರಲ್ಲಿ ಲೋಡ್ ಶೆಡ್ಡಿಂಗ್ ಎಲ್ಲಿದೆ? :)

ಐದನೆಯದು, ಸತತ ಎರಡು ಸಲ ಸತ್ತರೆ ಆಟ ಮುಚ್ಚಿ ಎದ್ದುಬಿಡಿ. ಹೋದದ್ದನ್ನ ಇವತ್ತೇ ವಾಪಸ್ ತರ್ತೀನಿ ಅನ್ನೋ ಹಟವೇ ರಾತ್ರಿ ಎರಡು ಗಂಟೆಗೆ ಅಪರಿಚಿತನಿಗೆ ದುಡ್ಡು ಕಳಿಸೋ ಹಾಗೆ ಮಾಡೋದು.

"ಹಾಗಾದರೆ ಒಳ್ಳೇ ಆರ್ಮರ್‌ಗೆ ಬೆಲೆಯೇ ಇಲ್ವೇನಯ್ಯಾ?" ಅಂತ ಯಾರಾದರೂ ಕೇಳಬಹುದು. ಇದೆ. ಎದುರುಬದುರು ನಿಂತಾಗ ಒಂದೆರಡು ಗುಂಡು ಹೆಚ್ಚು ತಡೆಯುತ್ತೆ. ಆದರೆ ಏಳು ಸುತ್ತಿನ ಕೋಟೆಯನ್ನೂ 1779ರಲ್ಲಿ ಹೈದರ್ ಗೆದ್ದ. ಮದಕರಿ ನಾಯಕ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದ. ಗೋಡೆಗಳು ಇವತ್ತಿಗೂ ಗಟ್ಟಿಯಾಗಿ ನಿಂತಿವೆ, ಒಳಗಿದ್ದವರು ಇಲ್ಲ. ಗೋಡೆಯನ್ನೇ ನಂಬಿ ಅನ್ನುವವರು ಒಮ್ಮೆ ನಮ್ಮೂರಿಗೆ ಬನ್ನಿ.

ಇನ್ನು, ಸಾಹಿತ್ಯ ಸಂಗೀತ ಬಿಟ್ಟು ಇದೇನು ಹುಡುಗಾಟ ಅಂತ ಮೂಗು ಮುರಿಯುವ ಬ್ಲಾಗಿಗ ಮಿತ್ರರಿಗೆ ಒಂದು ಮಾತು. ನಮ್ಮ ಹುಡುಗರು ಆಡ್ತಾನೇ ಇದ್ದಾರೆ. ನಾವು ಕನ್ನಡದಲ್ಲಿ ಸರಿಯಾದ್ದು ಬರೀದಿದ್ದರೆ ಅವರಿಗೆ ಕಲಿಸೋನು ಗೇರ್ ಮಾರುವವನೇ. ಆಡುವವರು ನಿಮ್ಮಲ್ಲೂ ಕೆಲವರಿದ್ದೀರಿ, ನನಗೆ ಗೊತ್ತು! ನಿಮಗೆ ಗೊತ್ತಿರುವ ಒಂದೊಂದು ನಕ್ಷೆಯ ಬಾಗಿಲುಗಳನ್ನ ಅಚ್ಚಗನ್ನಡದಲ್ಲಲ್ಲದಿದ್ದರೂ ಆಡುಗನ್ನಡದಲ್ಲಿ ಬರೆದು ಹಾಕಿ. ಕಸ್ಟಮ್ಸ್ ನಕ್ಷೆ ನನ್ನ ಪಾಲಿಗಿರಲಿ, ಮುಂದಿನ ವಾರ ಹಾಕ್ತೀನಿ. ಉಳಿದವು ಯಾರು ತಗೋತೀರಿ?