ಹೊಟ್ಟೆಗೆ ಸಲ್ಲುವುದೆಲ್ಲ ಶ್ವಾಸಕ್ಕೆ ಸಲ್ಲದು

ಕಳೆದ ತಿಂಗಳು ಭಾನುವಾರದ ಪೂಜೆ ಮುಗಿದು ಜನ ಮನೆಗೆ ಹೊರಟಿದ್ದಾಗ ಒಬ್ಬ ತಾಯಿ ನಮ್ಮನ್ನು ಇಗರ್ಜಿಯ ಅಂಗಳದ ಬದಿಗೆ ಕರೆದರು. ಸೆರಗಿನ ಮರೆಯಿಂದ ಬೆರಳುದ್ದದ ಬಣ್ಣದ ವಸ್ತುವೊಂದನ್ನು ತೆಗೆದು ತೋರಿಸಿದರು. ಮಂಗಳೂರಿನಲ್ಲಿ ಕಾಲೇಜು ಓದುವ ಮಗನ ಚೀಲದಲ್ಲಿ ಸಿಕ್ಕಿದ್ದಂತೆ. ಕೇಳಿದ್ದಕ್ಕೆ ಅವನು, "ಅಮ್ಮಾ, ಇದರಲ್ಲಿ ಹೊಗೆಸೊಪ್ಪು ಇಲ್ಲ. ಬರೀ ಮಾವಿನ ಹಣ್ಣಿನ ಪರಿಮಳದ ಹಬೆ" ಎಂದನಂತೆ. "ಹಬೆ ಅಂದ ಮೇಲೆ ತೊಂದರೆ ಇಲ್ಲ ಅಲ್ವಾ?" ಎಂದು ಆ ತಾಯಿ ಕೇಳಿದರು. ಅವರ ಪ್ರಶ್ನೆಗೆ ಈ ಅಂಕಣದಲ್ಲಿ ಉತ್ತರ ಬರೆಯುತ್ತಿದ್ದೇವೆ. ಇದೇ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಲಾರದ ತಾಯಂದಿರು ಇನ್ನೂ ಇದ್ದಾರೆಂದು ನಾವು ಬಲ್ಲೆವು.

ಮೊದಲಿಗೆ, ಅದು ನೀರಿನ ಹಬೆಯಲ್ಲ. ಇ-ಸಿಗರೇಟಿನ ಒಳಗೆ ಒಂದು ಬ್ಯಾಟರಿ, ಒಂದು ಲೋಹದ ಸುರುಳಿ ಮತ್ತು ಸ್ವಲ್ಪ ದ್ರವ ಇರುತ್ತದೆ. ದ್ರವವೆಂದರೆ ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಪರಿಮಳದ ರಾಸಾಯನಿಕಗಳು ಮತ್ತು ಹೆಚ್ಚಿನವುಗಳಲ್ಲಿ ನಿಕೋಟಿನ್. ಸುರುಳಿ ಕಾದು ದ್ರವವನ್ನು ಮಂಜಿನಂತೆ ಮಾಡುತ್ತದೆ. ಆ ಮಂಜು ನೇರವಾಗಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಅತಿಯಾಗಿ ಕಾದರೆ ಗ್ಲಿಸರಿನ್ ಒಡೆದು ಅಕ್ರೋಲಿನ್ ಎಂಬ ವಿಷ ಹುಟ್ಟುತ್ತದೆ. ಬಾಣಲೆಯಲ್ಲಿ ಎಣ್ಣೆ ಕರಟಿದಾಗ ಕಣ್ಣು ಉರಿಸುವ ಹೊಗೆಯಲ್ಲಿರುವುದೂ ಇದೇ. ಅಂಥ ಹೊಗೆ ಬಂದರೆ ನಾವು ಕಿಟಕಿ ತೆರೆದು ಹೊರಗೆ ಓಡುತ್ತೇವೆ, ಬೇಕೆಂದು ಎಳೆದುಕೊಳ್ಳುವುದಿಲ್ಲ.

"ಇದರಲ್ಲಿರುವುದೆಲ್ಲ ತಿಂಡಿಗೆ ಹಾಕುವ ಸಾಮಾನುಗಳೇ" ಎಂದು ಮಾರುವವರು ಹೇಳುತ್ತಾರೆ. ಮಕ್ಕಳು ಮೋಸಹೋಗುವುದು ಈ ಮಾತಿಗೇ. ಹೊಟ್ಟೆಯ ದಾರಿ ಬೇರೆ, ಶ್ವಾಸದ ದಾರಿ ಬೇರೆ. ತಿಂದದ್ದನ್ನು ಹೊಟ್ಟೆ, ಕರುಳು, ಪಿತ್ತಜನಕಾಂಗಗಳು ಅರಗಿಸಿ ಶೋಧಿಸುತ್ತವೆ. ಶ್ವಾಸಕೋಶಕ್ಕೆ ಅಂಥ ಶಕ್ತಿ ಇಲ್ಲ. ಇದಕ್ಕೆ ಅಮೆರಿಕದಲ್ಲಿ ನಡೆದ ಎರಡು ಘಟನೆಗಳೇ ಸಾಕ್ಷಿ.

2000ದಲ್ಲಿ ಮಿಸೌರಿ ರಾಜ್ಯದ ಜಾಸ್ಪರ್ ಎಂಬಲ್ಲಿ ಪಾಪ್‌ಕಾರ್ನ್ ಕಾರ್ಖಾನೆಯೊಂದರಲ್ಲಿ ದುಡಿದಿದ್ದ ಎಂಟು ಮಂದಿಗೆ ಶ್ವಾಸಕೋಶದ ಸಣ್ಣ ನಾಳಗಳು ಕಟ್ಟಿಹೋಗುವ, ಮರಳಿ ಸರಿಯಾಗದ ಕಾಯಿಲೆ ಇರುವುದು ಬೆಳಕಿಗೆ ಬಂತು. ತನಿಖೆಯಲ್ಲಿ ಬೆಣ್ಣೆಯ ಪರಿಮಳಕ್ಕಾಗಿ ಬೆರೆಸುತ್ತಿದ್ದ ಡಯಾಸಿಟೈಲ್‌ನ ಆವಿಯ ಮೇಲೆ ಸಂಶಯ ಬಿತ್ತು. ಪಾಪ್‌ಕಾರ್ನ್ ತಿಂದವರಿಗೆ ಏನೂ ಆಗಲಿಲ್ಲ, ಆವಿ ಉಸಿರಾಡಿದವರಿಗೆ ಆಯಿತು. 2015ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ತಜ್ಞರು ಪರಿಮಳದ 51 ಬಗೆಯ ಇ-ಸಿಗರೇಟುಗಳನ್ನು ಪರೀಕ್ಷಿಸಿದಾಗ 39ರಲ್ಲಿ ಇದೇ ಡಯಾಸಿಟೈಲ್ ಕಂಡುಬಂತು.

ಎರಡನೆಯದು 2019ರದ್ದು. ಅಲ್ಲಿ ಆರೋಗ್ಯವಂತ ಯುವಕರು ಒಬ್ಬರ ಹಿಂದೆ ಒಬ್ಬರು ಉಸಿರು ಕಟ್ಟಿ ಆಸ್ಪತ್ರೆ ಸೇರತೊಡಗಿದರು. 2020ರ ಫೆಬ್ರವರಿ 18ರ ಹೊತ್ತಿಗೆ ಇಂಥ ಪ್ರಕರಣಗಳು 2,807, ಸತ್ತವರು 68 ಮಂದಿ. ರೋಗಿಗಳ ಪೈಕಿ 51 ಮಂದಿಯ ಶ್ವಾಸಕೋಶದ ದ್ರವವನ್ನು ಪರೀಕ್ಷಿಸಿದಾಗ 48 ಮಂದಿಯಲ್ಲಿ ವಿಟಮಿನ್ ಇ ಅಸಿಟೇಟ್ ಸಿಕ್ಕಿತು. ಗುಳಿಗೆಯಾಗಿ ನುಂಗುವ, ಮುಖಕ್ಕೆ ಹಚ್ಚುವ ಕ್ರೀಮಿನಲ್ಲಿ ಇರುವ ಅದೇ ವಸ್ತು! ಕಳ್ಳಸಂತೆಯವರು ಗಾಂಜಾ ಎಣ್ಣೆಯನ್ನು ಹೆಚ್ಚಿಸಲು ಇದನ್ನು ಬೆರೆಸಿದ್ದರು. ಹೆಚ್ಚಿನ ರೋಗಿಗಳು ಎಳೆದದ್ದು ಗಾಂಜಾ ಬೆರೆತ ದ್ರವವನ್ನೇ ಹೊರತು ಬರೀ ನಿಕೋಟಿನನ್ನಲ್ಲ ಎಂಬುದನ್ನೂ ನಾವು ಹೇಳಬೇಕು. ಆದರೆ ಕೊಳವೆಯ ಹೊರಗಿನಿಂದ ನೋಡಿ ಒಳಗೆ ಏನಿದೆಯೆಂದು ಹೇಳಬಲ್ಲವರು ಯಾರು?

ಇನ್ನು ನಮ್ಮ ಕೃಷಿಗೆ ಹತ್ತಿರದ ಮಾತು. ಅದೇ 2019ರಲ್ಲಿ ಅಮೆರಿಕದ ಎನ್‌ಬಿಸಿ ಸುದ್ದಿಸಂಸ್ಥೆ ಕಳ್ಳಸಂತೆಯ ಹತ್ತು ಗಾಂಜಾ ಕೊಳವೆಗಳನ್ನು ಕೀಟನಾಶಕಕ್ಕಾಗಿ ಪರೀಕ್ಷೆ ಮಾಡಿಸಿತು. ಹತ್ತರಲ್ಲೂ ಮೈಕ್ಲೋಬ್ಯೂಟನಿಲ್ ಇತ್ತು. ಅದು ದ್ರಾಕ್ಷಿಯ ಬೂದಿರೋಗಕ್ಕೆ ಸಿಂಪಡಿಸುವ ಮದ್ದು. ಸುಟ್ಟರೆ ಸಯನೈಡ್ ಅನಿಲ ಬಿಡುತ್ತದೆ. ಲೋಹದ ಕಥೆಯೂ ಹೀಗೆಯೇ. 2018ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು 56 ಬಳಕೆದಾರರ ಉಪಕರಣಗಳನ್ನು ಪರೀಕ್ಷಿಸಿದರು. ಬಾಟಲಿಯ ದ್ರವದಲ್ಲಿ ಲೋಹ ಹೆಚ್ಚುಕಡಿಮೆ ಇರಲಿಲ್ಲ. ಕಾದ ಸುರುಳಿಯನ್ನು ಮುಟ್ಟಿದ ಮೇಲೆ ಸೀಸ, ನಿಕ್ಕಲ್, ಕ್ರೋಮಿಯಂಗಳು ಸೇರಿಕೊಂಡಿದ್ದವು. ಅಂದರೆ ಶುದ್ಧವಾದ ದ್ರವ ತಂದರೂ ಉಪಕರಣವೇ ಅದನ್ನು ಕೆಡಿಸಬಲ್ಲದು.

ನಿಕೋಟಿನ್ ಎಂದರೇನೆಂದು ನಮ್ಮ ಹಿರಿಯರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಹೊಗೆಸೊಪ್ಪನ್ನು ನೀರಲ್ಲಿ ಕುದಿಸಿ, ಸಾಬೂನು ಬೆರೆಸಿ, ತರಕಾರಿಯ ಹೇನಿಗೆ ಅವರು ಸಿಂಪಡಿಸುತ್ತಿದ್ದರು. ಹೇನನ್ನು ಕೊಲ್ಲುತ್ತಿದ್ದದ್ದು ಆ ನಿಕೋಟಿನೇ. ಒದ್ದೆಯಾದ ಹೊಗೆಸೊಪ್ಪನ್ನು ಕೊಯ್ಯುವ ಕೆಲಸದವರಿಗೆ ಚರ್ಮದ ಮೂಲಕವೇ ಅದು ಒಳಸೇರಿ ತಲೆಸುತ್ತು, ವಾಂತಿ ಬರುವುದುಂಟು.

ಹಾಗಾದರೆ ಮದ್ದಿನ ವಿಷಯದಲ್ಲಿ ನಾವು ಹೇಗಿದ್ದೇವೆ? ಮಳೆಗಾಲಕ್ಕೆ ಮೊದಲು ಅಡಿಕೆಗೆ ಮೈಲುತುತ್ತು-ಸುಣ್ಣದ ಮದ್ದು ಬಿಡುವಾಗ ಮೂಗಿಗೆ ಬೈರಾಸು ಕಟ್ಟುತ್ತೇವೆ, ಗಾಳಿಗೆ ಎದುರಾಗಿ ನಿಲ್ಲುವುದಿಲ್ಲ. ಕೀಟನಾಶಕದ ಡಬ್ಬಿಯ ಮೇಲೆ ಕೆಂಪೋ ಹಳದಿಯೋ ನೀಲಿಯೋ ಹಸಿರೋ ಎಂದು ಗುರುತು ನೋಡುತ್ತೇವೆ. ಈ ಜಾಗ್ರತೆ ನಮಗೆ ಸುಮ್ಮನೆ ಬಂದದ್ದಲ್ಲ. ನಮ್ಮ ಕಾಸರಗೋಡಿನ ಗೇರುತೋಟಗಳ ಮೇಲೆ 2000ದ ಇಸವಿಯ ವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ತೊಂದರೆ ಇಲ್ಲ ಎಂದೇ ಆಗಲೂ ಹೇಳಿದ್ದರು. ಸುಪ್ರೀಂ ಕೋರ್ಟು ದೇಶದಲ್ಲಿ ಅದನ್ನು ತಡೆದದ್ದು 2011ರ ಮೇ 13ರಂದು. ಅಷ್ಟರಲ್ಲಿ ಎಷ್ಟು ಮನೆಗಳಲ್ಲಿ ಮಕ್ಕಳು ಹಾಸಿಗೆ ಹಿಡಿದಿದ್ದರು! ಗಾಳಿಯಲ್ಲಿ ಬಂದದ್ದನ್ನು ಹೆಸರು ಕೇಳದೆ ಒಳಗೆ ಬಿಟ್ಟುಕೊಳ್ಳಬಾರದು ಎಂಬ ಪಾಠಕ್ಕೆ ಈ ಮಣ್ಣು ಕೊಟ್ಟ ಬೆಲೆ ಅದು. ಹಾಗಿರುವಾಗ ಗುರುತೂ ಇಲ್ಲದ, ತಯಾರಿಸಿದವರ ವಿಳಾಸವೂ ಇಲ್ಲದ ದ್ರವವನ್ನು ನಮ್ಮ ಮಕ್ಕಳು ದಿನಕ್ಕೆ ನೂರು ಸಲ ಎಳೆದುಕೊಳ್ಳುವುದನ್ನು ನೋಡಿ ಸುಮ್ಮನಿರಬೇಕೇ?

"ಬ್ರಿಟನ್‌ನಲ್ಲಿ ಸಿಗರೇಟು ಬಿಡಲು ಇದನ್ನೇ ಕೊಡುತ್ತಾರಲ್ಲ" ಎಂದು ಕೆಲವರು ವಾದಿಸುತ್ತಾರೆ. ನಿಜ. ಆದರೆ ಅಲ್ಲಿ ಒಂದು ಮಿಲಿಲೀಟರಿಗೆ 20 ಮಿಲಿಗ್ರಾಮಿಗಿಂತ ಹೆಚ್ಚು ನಿಕೋಟಿನ್ ಇರಬಾರದೆಂಬ ಕಟ್ಟಳೆ ಇದೆ, ಒಳಗೇನಿದೆ ಎಂದು ಸರಕಾರಕ್ಕೆ ಮೊದಲೇ ತಿಳಿಸಬೇಕು. ನಮ್ಮಲ್ಲಿ 2019ರ ಕಾಯ್ದೆ ಇದರ ತಯಾರಿಕೆ, ಆಮದು, ಮಾರಾಟ, ಸಂಗ್ರಹ, ಜಾಹೀರಾತು ಎಲ್ಲವನ್ನೂ ನಿಷೇಧಿಸಿದೆ. ಮೊದಲ ಸಲ ಮಾರಿ ಸಿಕ್ಕಿಬಿದ್ದವರಿಗೆ ಒಂದು ವರ್ಷದ ವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿಯ ವರೆಗೆ ದಂಡ, ಇಲ್ಲವೇ ಎರಡೂ. ನಿಷೇಧ ಸರಿಯಾದದ್ದೇ ಎಂಬುದು ನಮ್ಮ ಅಭಿಪ್ರಾಯ. ಆದರೆ ಇಲ್ಲಿ ಕದ್ದು ಸಿಗುವ ಪ್ರತಿಯೊಂದು ಕೊಳವೆಯೂ ಯಾರೂ ಪರೀಕ್ಷಿಸದ ಮಾಲು ಎಂಬುದನ್ನು ಮಕ್ಕಳಿಗೆ ತಿಳಿಸುವ ಕೆಲಸ ಕಾಯ್ದೆಯದ್ದಲ್ಲ, ನಮ್ಮದು.

ಇದೆಲ್ಲ ಹೇಳಿದ್ದು ಬೀಡಿ ಸಿಗರೇಟು ವಾಸಿ ಎಂಬ ಅರ್ಥದಲ್ಲಿ ಅಲ್ಲ. ಅವು ಕೊಲ್ಲುವುದರಲ್ಲಿ ಸಂದೇಹವೇ ಇಲ್ಲ. ಬಿಡಬೇಕೆನ್ನುವವರು ವೈದ್ಯರನ್ನು ಕಾಣಲಿ, ಅಥವಾ 1800-112-356 ಎಂಬ ಸರಕಾರದ ಉಚಿತ ದೂರವಾಣಿಗೆ ಕರೆ ಮಾಡಲಿ.

ಮನೆಯಲ್ಲಿ ಇಂಥ ವಸ್ತು ಕಂಡರೆ ಮೊದಲು ಬೈಯಬೇಡಿ, ಹೊಡೆಯಬೇಡಿ. ಹೆದರಿದ ಮಗು ಅಡಗಿಸಿಡಲು ಕಲಿಯುತ್ತದೆ, ಅಷ್ಟೇ. ಕೂತು ಮಾತನಾಡಿ. ದ್ರವದ ಬಾಟಲಿ ಇದ್ದರೆ ಕೀಟನಾಶಕದ ಡಬ್ಬಿಯಂತೆಯೇ ಚಿಕ್ಕ ಮಕ್ಕಳ ಕೈಗೆ ಸಿಗದಂತೆ ಮಾಡಿ, ಮೈಗೆ ತಗಲಿದರೆ ಕೂಡಲೇ ಸಾಬೂನು ಹಾಕಿ ತೊಳೆಯಿರಿ. ಮಗು ನುಂಗಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಎಳೆಯುವ ಅಭ್ಯಾಸವಿರುವವರಿಗೆ ಕೆಮ್ಮು, ದಮ್ಮು, ಎದೆನೋವು, ಜ್ವರ, ವಾಂತಿ ಬಂದರೆ ವೈದ್ಯರಲ್ಲಿ ಅಭ್ಯಾಸವನ್ನು ಮುಚ್ಚಿಡಬೇಡಿ. ನಾಚಿಕೆಗಿಂತ ಜೀವ ದೊಡ್ಡದು. ಗಲ್ಫಿನಲ್ಲಿರುವ ಬಂಧುಗಳಿಗೂ ಒಂದು ಮಾತು: ಎಮಿರೇಟ್ಸ್‌ನ ಅಂಗಡಿಗಳಲ್ಲಿ ಇದು ರಾಜಾರೋಷವಾಗಿ ಸಿಗಬಹುದು, ಆದರೆ ಅಳಿಯನಿಗೋ ತಮ್ಮನಿಗೋ ಉಡುಗೊರೆ ಎಂದು ತರಬೇಡಿ.

ಆ ತಾಯಿಗೆ ನಾವು ಅಂದು ಹೇಳಿದ್ದು ಇಷ್ಟೇ: "ಮಾವಿನ ಹಣ್ಣು ಬೇಕಿದ್ದರೆ ಮಗನಿಗೆ ತೋಟದಿಂದ ಒಂದು ಕೊಯ್ದು ಕೊಡಿ. ಅದನ್ನು ತಿನ್ನಲಿ. ಉಸಿರಾಡಲು ನಮ್ಮ ತೋಟದ ಗಾಳಿ ಸಾಕು."